ಒಂದು ಹೂ ಬಿಡಿಸಿ, ನೂರಾಗಿಸಿ: ಇಂಕ್‌ಸ್ಕೇಪಿನಲ್ಲಿ ಪ್ಯಾಟರ್ನ್ ಮಾಡುವ ಬಗೆ

ಬ್ರಹ್ಮಕಲಶ, ಮದುವೆ, ಶಾಲೆಯ ವಾರ್ಷಿಕೋತ್ಸವಗಳ ಕಾಲ ಬಂತೆಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಆಮಂತ್ರಣ ಪತ್ರಿಕೆಯ ಬಾರ್ಡರಿನ ಹೂಗಳು ಮೂಲೆಯಲ್ಲಿ ಸೇರುವುದಿಲ್ಲ, ಏನು ಮಾಡಲಿ?" "ಒಂದು ಎಲೆಯನ್ನು ಅರುವತ್ತು ಸಲ ಕಾಪಿ ಮಾಡಿದೆ, ಈಗ ಎಲೆಯ ಆಕಾರ ಬದಲಿಸಬೇಕಂತೆ. ಮತ್ತೆ ಅರುವತ್ತು ಸಲವಾ?" "ಪ್ರಿಂಟ್ ಆಗಿ ಬಂದಾಗ ಹೂಗಳ ನಡುವೆ ಸಣ್ಣ ಬಿಳಿ ಗೆರೆ ಯಾಕೆ ಬಂತು?" ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾರು ಕೇಳಿದರೂ ಇವೇ ಮೂರು. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಮುಂದೆ ಕೂತು, ಓದುತ್ತಾ ಮಾಡುತ್ತಾ ಹೋಗಿ.

ಈ ಮೂರೂ ಪ್ರಶ್ನೆಗಳ ಬೇರು ಬಹುಮಟ್ಟಿಗೆ ಒಂದೇ ಕಡೆ ಇದೆ. ನಾವು ಹೂವಿನ ಮೇಲೆ ಗಮನ ಇಡುತ್ತೇವೆ, ಹೂವಿನ ಸುತ್ತಲಿನ ಜಾಗವನ್ನು ಮರೆಯುತ್ತೇವೆ. ಪ್ಯಾಟರ್ನ್ ಸರಿಯಾಗಿ ಕೂರುವುದು ಹೂವಿನಿಂದಲ್ಲ, ಆ ಹೂ ಕೂತಿರುವ ಚೌಕದಿಂದ. ಮನೆಯ ನೆಲಕ್ಕೆ ಟೈಲ್ಸ್ ಹಾಕಿಸಿದವರಿಗೆ ಇದು ಗೊತ್ತು. ಟೈಲಿನ ಚಿತ್ರ ಎಷ್ಟೇ ಚಂದ ಇರಲಿ, ಅಳತೆ ಒಂದು ಕೂದಲೆಳೆ ತಪ್ಪಿದರೂ ಹತ್ತನೇ ಸಾಲಿಗೆ ಬರುವಾಗ ಕಣ್ಣಿಗೆ ಹೊಡೆಯುತ್ತದೆ.

ಏನೇನು ಬೇಕು?

ಇಂಕ್‌ಸ್ಕೇಪ್ ಸಾಕು. ಇದು ಚಿತ್ರ ಬಿಡಿಸುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕಾಸರಗೋಡಿನ ಮಕ್ಕಳಿಗೆ ಇದೇನೂ ಹೊಸದಲ್ಲ. ಕೇರಳದ ಶಾಲೆಗಳ ಐಟಿ ಲ್ಯಾಬಿನಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುತ್ತಾರೆ, ಐಟಿ ಪಾಠದಲ್ಲಿ ಇಂಕ್‌ಸ್ಕೇಪ್ ಕೂಡ ಬರುತ್ತದೆ. ನಿಮ್ಮ ಮನೆಯಲ್ಲಿ ಹೈಸ್ಕೂಲಿನ ಮಗು ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೆಲಸ ಬೇಗ ಸಾಗುತ್ತದೆ.

ಆವೃತ್ತಿ 1.3 ಅಥವಾ ಅದಕ್ಕಿಂತ ಹೊಸದು ಇರಲಿ. 2023ರ ಜುಲೈಯಲ್ಲಿ ಬಂದ ಈ ಆವೃತ್ತಿಯಲ್ಲಿ ಪ್ಯಾಟರ್ನಿನ ಅಳತೆ, ಕೋನ, ನಡುವಿನ ಅಂತರಗಳನ್ನು ಸಂಖ್ಯೆಯಲ್ಲೇ ಬದಲಿಸುವ ಸೌಲಭ್ಯ ಸೇರಿತು. ಮೊದಲು ಇವನ್ನೆಲ್ಲ ಕೈಯಲ್ಲಿ ಎಳೆದು ಅಂದಾಜಿನಲ್ಲಿ ಮಾಡಬೇಕಿತ್ತು. ಇಲಸ್ಟ್ರೇಟರ್ ಅಥವಾ ಕೋರೆಲ್‌ಡ್ರಾ ಬಳಸುವವರಿಗೂ ಇಲ್ಲಿನ ಲೆಕ್ಕಾಚಾರ ಹೊಂದುತ್ತದೆ, ಮೆನುಗಳು ಮಾತ್ರ ಬೇರೆ. ಮೆನುವಿನ ಹೆಸರುಗಳನ್ನು ಇಂಗ್ಲಿಷ್ ಪರದೆಯಲ್ಲಿ ಇರುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ.

ಕೆಲವು ಪದಗಳು ಮೊದಲೇ ಗೊತ್ತಿರಲಿ. ವೆಕ್ಟರ್ ಚಿತ್ರ ಎಂದರೆ ಗೆರೆಗಳ ಲೆಕ್ಕದಿಂದ ಆದ ಚಿತ್ರ. ಎಷ್ಟು ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ. ಫಿಲ್ ಎಂದರೆ ಆಕಾರದ ಒಳಗೆ ತುಂಬಿದ ಬಣ್ಣ, ಸ್ಟ್ರೋಕ್ ಎಂದರೆ ಅದರ ಹೊರಗೆರೆ. ಬೌಂಡಿಂಗ್ ಬಾಕ್ಸ್ ಎಂದರೆ ಯಾವುದೇ ಆಕಾರದ ಸುತ್ತ ತಂತ್ರಾಂಶ ಮನಸ್ಸಿನಲ್ಲೇ ಎಳೆದುಕೊಳ್ಳುವ ಚೌಕ. ಆಯ್ಕೆ ಮಾಡಿದಾಗ ಚುಕ್ಕಿಗೆರೆಯಲ್ಲಿ ಕಾಣುವುದು ಅದೇ. ಟೈಲ್ ಎಂದರೆ ಮತ್ತೆ ಮತ್ತೆ ಬರುವ ತುಣುಕು.

ಮೂರು ದಾರಿ, ಯಾವುದು ಯಾವಾಗ?

ಕೆಲಸ ಶುರು ಮಾಡುವ ಮೊದಲೇ ಇದನ್ನು ತೀರ್ಮಾನಿಸಿ. ಅರ್ಧ ದಾರಿಯಲ್ಲಿ ಬದಲಿಸಲು ಹೊರಟರೆ ಕಷ್ಟ.

ಡೂಪ್ಲಿಕೇಟ್ (ಕಂಟ್ರೋಲ್ + ಡಿ) ಮಾಡಿದರೆ ಪ್ರತ್ಯೇಕ ಪ್ರತಿ ಸಿಗುತ್ತದೆ. ಮೂಲಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ. ನಾಲ್ಕೈದು ಪ್ರತಿ ಬೇಕಾದಾಗ ಇದು ಸಾಕು.

ಕ್ಲೋನ್ (ಆಲ್ಟ್ + ಡಿ) ಮೂಲದ ನೆರಳಿನ ಹಾಗೆ. ಮೂಲದ ಆಕಾರವನ್ನು ತಿದ್ದಿದರೆ ಎಲ್ಲ ಕ್ಲೋನ್‌ಗಳೂ ತಾವಾಗಿಯೇ ಬದಲಾಗುತ್ತವೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸರಿಸಬಹುದು, ತಿರುಗಿಸಬಹುದು, ದೊಡ್ಡ ಸಣ್ಣ ಮಾಡಬಹುದು. ಆದರೆ ಕ್ಲೋನಿನ ಗೆರೆಯನ್ನು ನೇರವಾಗಿ ತಿದ್ದಲು ಆಗುವುದಿಲ್ಲ. ಅರುವತ್ತು ಎಲೆಯ ಪ್ರಶ್ನೆ ಕೇಳಿದವರಿಗೆ ಉತ್ತರ ಇದೇ.

ಪ್ಯಾಟರ್ನ್ ಫಿಲ್ ಎಂದರೆ ಬಣ್ಣದ ಬದಲಿಗೆ ಟೈಲನ್ನೇ ಆಕಾರದೊಳಗೆ ತುಂಬುವುದು. ಬಟ್ಟೆ, ಗೋಡೆ, ಹಿನ್ನೆಲೆ ಇಂಥ ದೊಡ್ಡ ಜಾಗಕ್ಕೆ ಇದು ಒಳ್ಳೆಯದು. ಫೈಲ್ ಹಗುರವಾಗಿರುತ್ತದೆ.

ಹಂತ 1: ಪುಟ ಮತ್ತು ಅಳತೆ

ಕಂಟ್ರೋಲ್ + ಶಿಫ್ಟ್ + ಡಿ ಒತ್ತಿ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯಿರಿ. ಅಳತೆಯನ್ನು ಮಿಲಿಮೀಟರಿಗೆ ಬದಲಿಸಿ. ಆಮಂತ್ರಣಕ್ಕೆ ಎ5 ಹಾಳೆ ಅನುಕೂಲ, 148 × 210 ಮಿ.ಮೀ.

ನಂತರ ಕಂಟ್ರೋಲ್ + ಶಿಫ್ಟ್ + ಪಿ ಒತ್ತಿ ಪ್ರಿಫರೆನ್ಸಸ್‌ಗೆ ಹೋಗಿ. ಟೂಲ್ಸ್ ಎಂಬಲ್ಲಿ ಬೌಂಡಿಂಗ್ ಬಾಕ್ಸ್ ಎರಡು ಬಗೆಯದು ಇರುತ್ತದೆ. ವಿಷುವಲ್ ಎಂದರೆ ಹೊರಗೆರೆಯ ದಪ್ಪವನ್ನೂ ಸೇರಿಸಿದ ಚೌಕ. ಜ್ಯಾಮಿಟ್ರಿಕ್ ಎಂದರೆ ಅದನ್ನು ಬಿಟ್ಟು ಬರೀ ಆಕಾರದ ಚೌಕ. ಈ ಲೇಖನದ ಎಲ್ಲ ಹಂತಕ್ಕೂ ವಿಷುವಲ್ ಇರಲಿ. ಮೊದಲಿನಿಂದಲೂ ಅದೇ ಇರುತ್ತದೆ, ಯಾರಾದರೂ ಬದಲಿಸಿದ್ದಾರಾ ಎಂದು ನೋಡಿಕೊಂಡರೆ ಸಾಕು.

ಹಂತ 2: ಟೈಲಿಗೆ ಗಡಿ ಹಾಕಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಸುಮ್ನೆ ದಾಟಿ ಹೋಗಬೇಡಿ.

ಮೊದಲು ಚೌಕ ಬಿಡಿಸಿ, ಆಮೇಲೆ ಅದರ ಮೇಲೆ ಹೂ ಬಿಡಿಸಿ. ಚೌಕದ ಅಳತೆಯನ್ನು ಕೈಯಲ್ಲಿ ಎಳೆದು ನಿಶ್ಚಯಿಸಬೇಡಿ. ಸೆಲೆಕ್ಟ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಎಕ್ಸ್, ವೈ, ಅಗಲ, ಎತ್ತರ ಎಂದು ನಾಲ್ಕು ಡಬ್ಬಿಗಳು ಕಾಣುತ್ತವೆ. ಎಕ್ಸ್ ಎಂದರೆ ಹಾಳೆಯ ಎಡ ಅಂಚಿನಿಂದ ಇರುವ ದೂರ, ವೈ ಎಂದರೆ ಮೇಲಿನ ಅಂಚಿನಿಂದ. ಅಲ್ಲಿ ಸಂಖ್ಯೆಯನ್ನೇ ಟೈಪ್ ಮಾಡಿ. ಸಾಧ್ಯವಾದಷ್ಟೂ ಪೂರ್ಣಸಂಖ್ಯೆ ಇರಲಿ. 8 ಮಿ.ಮೀ. ಎಂದರೆ 8, 7.963 ಅಲ್ಲ.

ಚೌಕಕ್ಕೆ ಸ್ಟ್ರೋಕ್ ಇರಲೇಬಾರದು. ಹೊರಗೆರೆ 0.5 ಮಿ.ಮೀ. ದಪ್ಪ ಇದ್ದರೆ ನಿಮ್ಮ 8 ಮಿ.ಮೀ. ಟೈಲು ತಂತ್ರಾಂಶದ ಲೆಕ್ಕದಲ್ಲಿ 8.5 ಆಗುತ್ತದೆ. ಮೂಲೆಯಲ್ಲಿ ಹೂ ಸೇರದಿರಲು ನಾನು ಅತಿ ಹೆಚ್ಚು ಕಂಡ ಕಾರಣ ಇದು. ಕಂಟ್ರೋಲ್ + ಶಿಫ್ಟ್ + ಎಫ್ ಒತ್ತಿ ಫಿಲ್ ಅಂಡ್ ಸ್ಟ್ರೋಕ್ ತೆರೆದು, ಸ್ಟ್ರೋಕ್ ಪೇಂಟ್‌ನಲ್ಲಿ ಇಂಟು ಗುರುತು ಒತ್ತಿ ತೆಗೆದುಬಿಡಿ. ಚೌಕ ಕಾಣುವುದೇ ಬೇಡ ಎಂದಿದ್ದರೆ ಬಣ್ಣ ಕೊಟ್ಟು ಅದರ ಆಲ್ಫಾವನ್ನು, ಅಂದರೆ ಆ ಬಣ್ಣ ಎಷ್ಟು ಗಾಢವಾಗಿ ಕಾಣಬೇಕೆಂಬ ಅಳತೆಯನ್ನು, ಸೊನ್ನೆ ಮಾಡಿ. ಕಣ್ಣಿಗೆ ಕಾಣದಿದ್ದರೂ ಜಾಗ ಹಿಡಿದುಕೊಂಡು ಕೂತಿರುತ್ತದೆ.

ಹೂ ಚೌಕದ ಗಡಿ ದಾಟಬಾರದು. ದಾಟಲೇಬೇಕು ಎಂದಿದ್ದರೆ ಹಂತ 7 ನೋಡಿ. ಕೊನೆಗೆ ಚೌಕ, ಹೂ ಎರಡನ್ನೂ ಆಯ್ದು ಕಂಟ್ರೋಲ್ + ಜಿ ಒತ್ತಿ ಗ್ರೂಪ್ ಮಾಡಿ.

ಹಂತ 3: ಮುರಕಲ್ಲಿನ ಗೋಡೆ

ಟೈಲ್ಡ್ ಕ್ಲೋನ್ಸ್ ಎಂದರೆ ಒಂದು ಟೈಲಿನ ಕ್ಲೋನ್‌ಗಳನ್ನು ತಂತ್ರಾಂಶವೇ ಸಾಲುಸಾಲಾಗಿ ಜೋಡಿಸಿಕೊಡುವ ಸೌಲಭ್ಯ. ಅದನ್ನು ಕಲಿಯಲು ನಮ್ಮೂರಿನ ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಕಲ್ಲಿನ, ಗೋಡೆಗಿಂತ ಒಳ್ಳೆಯ ಪಾಠ ಇಲ್ಲ. ಗಾರೆ ಬಳಿಯದ ಗೋಡೆಯನ್ನು ಒಮ್ಮೆ ನೋಡಿ. ಕೆಳಗಿನ ಸಾಲಿನ ಎರಡು ಕಲ್ಲುಗಳ ಸಂದು ಬಂದಲ್ಲಿ ಮೇಲಿನ ಸಾಲಿನ ಕಲ್ಲಿನ ನಡು ಬರುತ್ತದೆ. ಅಂದರೆ ಒಂದು ಸಾಲು ಬಿಟ್ಟು ಒಂದು ಸಾಲು ಅರ್ಧ ಕಲ್ಲಿನಷ್ಟು ಪಕ್ಕಕ್ಕೆ ಸರಿದಿರುತ್ತದೆ.

42 × 22 ಮಿ.ಮೀ. ಆಯತ ಬಿಡಿಸಿ, ಸಂದಿನ ಗಾರೆಯ ಬೂದು ಬಣ್ಣ ಕೊಡಿ, ಸ್ಟ್ರೋಕ್ ತೆಗೆಯಿರಿ. ಅದರ ಸರಿ ನಡುವೆ 40 × 20 ಮಿ.ಮೀ.ಯ ಕೆಂಪು ಆಯತ ಇಡಿ. ನಡುವಿಗೆ ತರಲು ಎರಡನ್ನೂ ಆಯ್ದು ಕಂಟ್ರೋಲ್ + ಶಿಫ್ಟ್ + ಎ ಒತ್ತಿ ಅಲೈನ್ ಬಳಸಿ. ಕಲ್ಲಿನ ಮೇಲೆ ನಾಲ್ಕಾರು ಸಣ್ಣ ತೂತುಗಳನ್ನು ಗಾಢ ಬಣ್ಣದಲ್ಲಿ ಬಿಡಿಸಿದರೆ ಮುರಕಲ್ಲಿನ ಕಳೆ ಬರುತ್ತದೆ. ಗ್ರೂಪ್ ಮಾಡಿ.

ಈಗ ಎಡಿಟ್ ಮೆನು, ಕ್ಲೋನ್, ಕ್ರಿಯೇಟ್ ಟೈಲ್ಡ್ ಕ್ಲೋನ್ಸ್. ತೆರೆದ ಕೂಡಲೇ ರಿಸೆಟ್ ಒತ್ತಿ. ಹಿಂದಿನ ಸಲ ಹಾಕಿದ ಸಂಖ್ಯೆಗಳನ್ನು ಈ ಕಿಟಕಿ ನೆನಪಿಟ್ಟುಕೊಂಡಿರುತ್ತದೆ. ನಿನ್ನೆಯ ತಿರುಗುವ ಕೋನ ಇವತ್ತಿನ ಗೋಡೆಗೆ ಬಂದು ಸೇರಿದರೆ ಎಲ್ಲಿ ತಪ್ಪಾಯಿತು ಎಂದೇ ಗೊತ್ತಾಗುವುದಿಲ್ಲ.

ಸಿಮೆಟ್ರಿ ಟ್ಯಾಬಿನಲ್ಲಿ ಪಿ1 ಇರಲಿ. ಪಿ1 ಎಂದರೆ ತಿರುಗಿಸದೆ, ಮಗುಚದೆ ಬರೀ ಸರಿಸುವುದು. ಆ ಪಟ್ಟಿಯಲ್ಲಿ ಒಟ್ಟು 17 ಬಗೆಗಳಿವೆ. ಸಮತಲದಲ್ಲಿ ಎರಡೂ ದಿಕ್ಕಿಗೆ ಮರುಕಳಿಸುವ ಚಿತ್ತಾರಕ್ಕೆ ಇರುವ ಸಮ್ಮಿತಿ ಬಗೆಗಳೇ 17, ಹದಿನೆಂಟನೆಯದು ಇಲ್ಲ. 1891ರಲ್ಲಿ ರಷ್ಯದ ವಿಜ್ಞಾನಿ ಫೆಡೊರೊವ್ ಇದನ್ನು ಸಾಧಿಸಿ ತೋರಿಸಿದರು. ಚಾಪೆಯ ಹೆಣಿಗೆ, ರಂಗೋಲಿ, ಸೀರೆ, ಹೀಗೆ ನಾಲ್ಕೂ ಕಡೆ ಹರಡುತ್ತಾ ಹೋಗುವ ಯಾವ ಚಿತ್ತಾರ ತೆಗೆದುಕೊಂಡರೂ ಈ 17ರಲ್ಲಿ ಒಂದಕ್ಕೆ ಸೇರುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು. ನಿಮಗೆ ಸದ್ಯಕ್ಕೆ ಪಿ1 ಮತ್ತು ಪಿಎಂಎಂ ಸಾಕು. ಪಿಎಂಎಂ ಎಂದರೆ ಅಡ್ಡಕ್ಕೂ ಉದ್ದಕ್ಕೂ ಕನ್ನಡಿ ಹಿಡಿದ ಹಾಗೆ. ಹೂವಿನ ಕಾಲುಭಾಗ ಬಿಡಿಸಿದರೆ ಉಳಿದದ್ದನ್ನು ಅದೇ ಪೂರ್ತಿ ಮಾಡುತ್ತದೆ.

ಶಿಫ್ಟ್ ಟ್ಯಾಬಿಗೆ ಹೋಗಿ. ಶಿಫ್ಟ್ ಎಕ್ಸ್ ಸಾಲಿನಲ್ಲಿ ಪರ್ ರೋ ಎಂಬಲ್ಲಿ 50 ಹಾಕಿ. ಇದು ಮಿಲಿಮೀಟರ್ ಅಲ್ಲ, ಟೈಲಿನ ಅಗಲದ ಪ್ರತಿಶತ. ಕೆಳಗೆ ಆಲ್ಟರ್ನೇಟ್ ಎಂಬಲ್ಲಿ ಪರ್ ರೋ ಕೆಳಗಿನ ಚೌಕಕ್ಕೆ ಟಿಕ್ ಹಾಕಿ. ಟಿಕ್ ಮರೆತರೆ ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಅರ್ಧ ಕಲ್ಲು ಮುಂದೆ ಹೋಗುತ್ತಾ ಗೋಡೆ ಮೆಟ್ಟಿಲಿನ ಹಾಗೆ ಓರೆಯಾಗುತ್ತದೆ. ಕೊನೆಗೆ ರೋಸ್ (ಅಡ್ಡ ಸಾಲುಗಳು) 8, ಕಾಲಮ್ಸ್ (ಉದ್ದ ಸಾಲುಗಳು) 6 ಹಾಕಿ ಕ್ರಿಯೇಟ್ ಒತ್ತಿ.

ಇಲ್ಲಿ ಒಂದು ಎಚ್ಚರಿಕೆ. ಗಾರೆಯ ಸಂದನ್ನು ಟೈಲಿನೊಳಗೇ ಸೇರಿಸಲು ಹೇಳಿದ್ದು ಸುಮ್ಮನಲ್ಲ. ಹಲವರು ಬರೀ ಕಲ್ಲು ಬಿಡಿಸಿ, ಸಂದಿಗಾಗಿ ಶಿಫ್ಟ್ ವೈ ಪರ್ ರೋ 10 ಎಂದು ಹಾಕುತ್ತಾರೆ. ಆದರೆ ಆಲ್ಟರ್ನೇಟ್ ಟಿಕ್ ಎಕ್ಸ್, ವೈ ಎರಡಕ್ಕೂ ಒಟ್ಟಿಗೆ ಲಾಗುವಾಗುತ್ತದೆ. ಆಗ ಒಂದು ಸಂದು ಅಗಲವಾಗಿ, ಮುಂದಿನ ಸಾಲು ಹಿಂದಿನದರ ಮೇಲೆ ಸ್ವಲ್ಪ ಹತ್ತಿ ಕೂರುತ್ತದೆ. ಅಂತರವನ್ನು ಟೈಲಿನ ಭಾಗವಾಗಿ ಮಾಡಿ, ಈ ತೊಂದರೆಯೇ ಇಲ್ಲ.

ಇನ್ನೊಂದು. ಮೂಲದ ಕಲ್ಲು ಹಾಗೆಯೇ ಉಳಿದು, ಮೊದಲ ಕ್ಲೋನ್ ಸರಿಯಾಗಿ ಅದರ ಮೇಲೇ ಕೂರುತ್ತದೆ. ಗಟ್ಟಿ ಬಣ್ಣವಾದರೆ ತಿಳಿಯುವುದಿಲ್ಲ. ಅರೆಪಾರದರ್ಶಕ ಬಣ್ಣವಾದರೆ ಆ ಒಂದು ಕಲ್ಲು ಮಾತ್ರ ಗಾಢವಾಗಿ ಕಾಣುತ್ತದೆ. ಗಾಬರಿ ಬೇಡ, ಮೇಲಿನ ಕ್ಲೋನ್ ಒಂದನ್ನು ಅಳಿಸಿ.

ಬಲ ಎಡ ಅಂಚುಗಳು ಹಲ್ಲುಹಲ್ಲಾಗಿ ಇರುತ್ತವೆ, ಅಲ್ವಾ? ಎಲ್ಲ ಕಲ್ಲುಗಳನ್ನು ಗ್ರೂಪ್ ಮಾಡಿ, ಮೇಲೆ ಒಂದು ಆಯತ ಇಟ್ಟು, ಎರಡನ್ನೂ ಆಯ್ದು ಆಬ್ಜೆಕ್ಟ್ ಮೆನು, ಕ್ಲಿಪ್, ಸೆಟ್ ಕ್ಲಿಪ್ ಕೊಡಿ. ಕ್ಲಿಪ್ ಎಂದರೆ ಮೇಲಿನ ಆಕಾರದ ಒಳಗೆ ಬರುವಷ್ಟನ್ನು ಮಾತ್ರ ತೋರಿಸುವುದು. ಹೊರಗಿನದ್ದು ಅಳಿಯುವುದಿಲ್ಲ, ಮರೆಯಾಗುತ್ತದೆ ಅಷ್ಟೇ.

ಹಂತ 4: ಪೂಕಳಂ, ಅಂದರೆ ಸುತ್ತು ತಿರುಗುವ ಚಿತ್ತಾರ

ಓಣಂ ಹೊತ್ತಿಗೆ ಶಾಲೆ, ಕ್ಲಬ್ಬುಗಳಲ್ಲಿ ಪೂಕಳಂ ಸ್ಪರ್ಧೆ ಇದ್ದೇ ಇರುತ್ತದೆ. ನೆಲದಲ್ಲಿ ಹೂ ಹಾಕುವ ಮೊದಲು ಪರದೆಯಲ್ಲಿ ಮಾಡಿ ನೋಡಲು ಇದು ಒಳ್ಳೆಯ ದಾರಿ.

ಒಂದು ಎಸಳು ಬಿಡಿಸಿ. ಅದನ್ನು ಒಮ್ಮೆ ಕ್ಲಿಕ್ ಮಾಡಿ, ಮತ್ತೊಮ್ಮೆ ಕ್ಲಿಕ್ ಮಾಡಿ. ಎರಡನೇ ಕ್ಲಿಕ್ಕಿಗೆ ಬಾಗಿದ ಬಾಣಗಳು ಬರುತ್ತವೆ, ನಡುವೆ ಸಣ್ಣ ಕೂಡು ಗುರುತು ಕಾಣುತ್ತದೆ. ತಿರುಗುವ ಕೇಂದ್ರ ಅದು. ಅದನ್ನು ಎಳೆದು ಪೂಕಳಂನ ನಡು ಎಲ್ಲಿ ಬರಬೇಕೋ ಅಲ್ಲಿಗೆ ತನ್ನಿ. ನಡುವಿಗೆ ಮೊದಲೇ ಎರಡು ಗೈಡ್ ಗೆರೆ ಹಾಕಿಕೊಂಡರೆ ಸರಿಯಾಗಿ ಅಂಟುತ್ತದೆ.

ಟೈಲ್ಡ್ ಕ್ಲೋನ್ಸ್ ತೆರೆಯಿರಿ, ರಿಸೆಟ್ ಒತ್ತಿ. ಪಿ1. ರೋಸ್ 1, ಕಾಲಮ್ಸ್ 12. ರೊಟೇಶನ್ ಟ್ಯಾಬಿನಲ್ಲಿ ಪರ್ ಕಾಲಮ್ 30 ಡಿಗ್ರಿ. 360ನ್ನು ಎಸಳುಗಳ ಸಂಖ್ಯೆಯಿಂದ ಭಾಗಿಸಿದರೆ ಕೋನ ಸಿಗುತ್ತದೆ. 8 ಎಸಳಿಗೆ 45, 16ಕ್ಕೆ 22.5. ಇಷ್ಟೇ ಮಾಡಿದರೆ ಎಸಳುಗಳು ತಿರುಗುತ್ತಾ ಬಲಕ್ಕೆ ಓಡಿಹೋಗುತ್ತವೆ. ಯಾಕೆಂದರೆ ಪಿ1 ಪ್ರತಿ ಕಾಲಮಿಗೂ ಒಂದು ಟೈಲಿನಷ್ಟು ಮುಂದೆ ಹೆಜ್ಜೆ ಇಡುತ್ತದೆ. ಅದನ್ನು ತಡೆಯಲು ಶಿಫ್ಟ್ ಟ್ಯಾಬಿನಲ್ಲಿ ಶಿಫ್ಟ್ ಎಕ್ಸ್, ಪರ್ ಕಾಲಮ್, ಮೈನಸ್ 100 ಹಾಕಿ. ಮುಂದೆ ಇಟ್ಟ ಹೆಜ್ಜೆಯನ್ನು ಅಷ್ಟೇ ಹಿಂದೆ ಇಟ್ಟ ಹಾಗೆ. ಈಗ ಕ್ರಿಯೇಟ್.

ಎಸಳುಗಳ ಬಣ್ಣ ಒಂದೊಂದಾಗಿ ಬದಲಾಗಬೇಕೆ? ಕಲರ್ ಟ್ಯಾಬ್ ಇದೆ. ಆದರೆ ಮೂಲ ಎಸಳಿಗೆ ಬಣ್ಣ ಇದ್ದರೆ ಆ ಟ್ಯಾಬು ಏನೂ ಮಾಡಲಾರದು. ಫಿಲ್ ಅಂಡ್ ಸ್ಟ್ರೋಕ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಗುಂಡಿ ಒತ್ತಿ ಮೂಲದ ಬಣ್ಣವನ್ನು ಅನ್‌ಸೆಟ್ ಮಾಡಿ. ಇಂಟು ಗುರುತಿನ ಗುಂಡಿ ಬೇರೆ, ಇದು ಬೇರೆ. ಇಂಟು ಎಂದರೆ ಬಣ್ಣ ಬೇಡ ಎಂದು. ಪ್ರಶ್ನೆ ಎಂದರೆ ಬಣ್ಣ ಯಾವುದೆಂದು ಕ್ಲೋನ್ ಹೇಳಲಿ ಎಂದು.

ಹಂತ 5: ಮೂಲೆ ಸೇರುವ ಬಾರ್ಡರ್

ಇದು ಚಿತ್ರಕಲೆಗಿಂತ ಹೆಚ್ಚು ಗಣಿತ. ಸುಲಭದ ಗಣಿತವೇ, ಹೆದರಬೇಡಿ.

ಎ5 ಹಾಳೆಯ 148ನ್ನೂ 210ನ್ನೂ ಒಂದೇ ಟೈಲಿನಿಂದ ಭಾಗಿಸಲು ಹೊರಟರೆ 2 ಮಿ.ಮೀ. ಬಿಟ್ಟು ಬೇರೆ ಯಾವ ಪೂರ್ಣ ಅಳತೆಯೂ ಹೊಂದುವುದಿಲ್ಲ. 1 ಇದೆ, ಅದು ಹೂವಿಗೆ ಸಾಲದು. ಆದ್ದರಿಂದ ಹಾಳೆಯ ಅಂಚಿನಿಂದ ಸ್ವಲ್ಪ ಒಳಗೆ, 128 × 192 ಮಿ.ಮೀ.ಯ ಚೌಕಟ್ಟು ಎಂದು ಇಟ್ಟುಕೊಳ್ಳಿ. ಎರಡೂ 8ರಿಂದ ಭಾಗವಾಗುತ್ತವೆ. ಅಡ್ಡಕ್ಕೆ 16 ಟೈಲು, ಉದ್ದಕ್ಕೆ 24. ಎಡಬಲಕ್ಕೆ 10 ಮಿ.ಮೀ., ಮೇಲೆ ಕೆಳಗೆ 9 ಮಿ.ಮೀ. ಜಾಗ ಉಳಿಯುತ್ತದೆ. ಪ್ರೆಸ್ಸಿನವರು ಕತ್ತರಿಸುವಾಗ ಸ್ವಲ್ಪ ಆಚೀಚೆಯಾದರೂ ಬಾರ್ಡರಿಗೆ ಏಟು ಬೀಳುವುದಿಲ್ಲ.

ನಾಲ್ಕು ಮೂಲೆಗೆ ಬೇರೆಯೇ ಟೈಲು ಬಿಡಿಸಿ. ಅದೇ ಹೂವನ್ನು ಮೂಲೆಯಲ್ಲಿ ತಿರುಗಿಸಿ ಇಟ್ಟರೆ ಬಳ್ಳಿ ತುಂಡಾದ ಹಾಗೆ ಕಾಣುತ್ತದೆ. ಮೂಲೆಯ ಟೈಲಿನಲ್ಲಿ ಬಳ್ಳಿ ಎಡದಿಂದ ಬಂದು ಕೆಳಕ್ಕೆ ಬಾಗಬೇಕು. ಇದು ಮೇಲಿನ ಬಲಮೂಲೆಗೆ ಸರಿ, ಉಳಿದ ಮೂರಕ್ಕೆ ಎಚ್, ವಿ ಕೀಲಿಗಳಿಂದ ಮಗುಚಿಕೊಳ್ಳಿ. ಎಚ್ ಒತ್ತಿದರೆ ಎಡಬಲ ಮಗುಚುತ್ತದೆ, ವಿ ಒತ್ತಿದರೆ ಮೇಲೆಕೆಳಗೆ.

ಮೂಲೆಗಳನ್ನು ಬಿಟ್ಟರೆ ಅಡ್ಡಕ್ಕೆ 14, ಉದ್ದಕ್ಕೆ 22 ಟೈಲು. ಹೂವಿನ ಟೈಲನ್ನು ಎಕ್ಸ್ 18, ವೈ 9ರಲ್ಲಿ ಇಡಿ. ಟೈಲ್ಡ್ ಕ್ಲೋನ್ಸ್, ರಿಸೆಟ್, ರೋಸ್ 1, ಕಾಲಮ್ಸ್ 14. ಸಾಲಿನ ಕೊನೆ ಸರಿಯಾಗಿ 130ಕ್ಕೆ ಬಂದು ನಿಲ್ಲಬೇಕು. ನಿಂತಿಲ್ಲ ಎಂದರೆ ಟೈಲಿಗೆ ಎಲ್ಲೋ ಸ್ಟ್ರೋಕ್ ಉಳಿದಿದೆ, ಹಂತ 2ಕ್ಕೆ ಹಿಂತಿರುಗಿ.

ಈ ಮೇಲಿನ ಸಾಲನ್ನು ಗ್ರೂಪ್ ಮಾಡಿ. ಕೆಳಗಿನ ಸಾಲಿಗೆ ಡೂಪ್ಲಿಕೇಟ್ ಬೇಡ, ಇಡೀ ಗ್ರೂಪನ್ನೇ ಆಲ್ಟ್ + ಡಿ ಒತ್ತಿ ಕ್ಲೋನ್ ಮಾಡಿ. ವಿ ಒತ್ತಿ, ವೈ 193 ಮಾಡಿ. ಹೀಗೆ ಮಾಡಿದರೆ ಮುಂದೆ ಹೂವಿನ ಒಂದು ಎಸಳು ತಿದ್ದಿದರೂ ಮೇಲೂ ಕೆಳಗೂ ಒಟ್ಟಿಗೆ ಬದಲಾಗುತ್ತದೆ.

ಪಕ್ಕಗಳಿಗೆ ಮೂಲ ಟೈಲಿನ ಒಂದು ಕ್ಲೋನ್ ತೆಗೆದು, ಕಂಟ್ರೋಲ್ ಜೊತೆ ಚೌಕ ಆವರಣ ಚಿಹ್ನೆಯ ಕೀಲಿ ಒತ್ತಿ 90 ಡಿಗ್ರಿ ತಿರುಗಿಸಿ. ಎಕ್ಸ್ 10, ವೈ 17ರಲ್ಲಿ ಇಟ್ಟು, ರೋಸ್ 22, ಕಾಲಮ್ಸ್ 1 ಕೊಡಿ. ಗ್ರೂಪ್, ಆಲ್ಟ್ + ಡಿ, ಎಚ್, ಎಕ್ಸ್ 130. ಮೂಲೆಯ ನಾಲ್ಕನ್ನು ಸೇರಿಸಿದರೆ ಒಟ್ಟು 76 ಟೈಲು, ನೀವು ಬಿಡಿಸಿದ್ದು ಎರಡೇ.

ಹಂತ 6: ಪ್ಯಾಟರ್ನ್ ಫಿಲ್‌ನಿಂದ ಸೀರೆ

ಕಾಸರಗೋಡು ಸೀರೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಹತ್ತಿ ಸೀರೆ. ಅದರ ಗೆರೆ ಮತ್ತು ಚೌಕುಳಿಯನ್ನು ಚಿತ್ರದಲ್ಲಿ ತರುವುದು ಬಹಳ ಸುಲಭ. 24 × 24 ಮಿ.ಮೀ. ಚೌಕ ಬಿಡಿಸಿ ತಳಬಣ್ಣ ಕೊಡಿ. ಅದರ ನಡುವೆ 6 ಮಿ.ಮೀ. ಅಗಲದ ಉದ್ದ ಪಟ್ಟಿ ಒಂದು, ಅಷ್ಟೇ ಅಗಲದ ಅಡ್ಡ ಪಟ್ಟಿ ಒಂದು. ಎರಡೂ ಪಟ್ಟಿಗಳು ಚೌಕದ ಈ ಅಂಚಿನಿಂದ ಆ ಅಂಚಿಗೆ ಪೂರ್ತಿ 24 ಮಿ.ಮೀ. ಇರಲಿ. ಪಟ್ಟಿಗಳ ಒಪ್ಯಾಸಿಟಿಯನ್ನು, ಅಂದರೆ ಹಿಂದಿನದ್ದನ್ನು ಎಷ್ಟು ಮುಚ್ಚಬೇಕೆಂಬ ಅಳತೆಯನ್ನು, 50ಕ್ಕೆ ಇಳಿಸಿ. ಎರಡೂ ಹಾಯುವಲ್ಲಿ ಬಣ್ಣ ಗಾಢವಾಗುತ್ತದೆ. ಮಗ್ಗದಲ್ಲಿ ಹಾಸೂ ಹೊಕ್ಕೂ ಒಂದೇ ಬಣ್ಣದ್ದು ಬಂದಲ್ಲಿ ಹಾಗೆಯೇ ಕಾಣುವುದು.

ಮೂರನ್ನೂ ಆಯ್ದು ಆಬ್ಜೆಕ್ಟ್ ಮೆನು, ಪ್ಯಾಟರ್ನ್, ಆಬ್ಜೆಕ್ಟ್ಸ್ ಟು ಪ್ಯಾಟರ್ನ್ ಕೊಡಿ. ಆಲ್ಟ್ + ಐ ಒತ್ತಿದರೂ ಆಗುತ್ತದೆ. ಇನ್ನು ಸೀರೆಯ ಆಕಾರ ಬಿಡಿಸಿ, ಫಿಲ್ ಟ್ಯಾಬಿನಲ್ಲಿ ಪ್ಯಾಟರ್ನ್ ಗುಂಡಿ ಒತ್ತಿ, ಪಟ್ಟಿಯಿಂದ ನಿಮ್ಮದನ್ನು ಆರಿಸಿ. ಅಲ್ಲೇ ಕೆಳಗೆ ಅಳತೆ, ಕೋನ, ಅಂತರ ಬದಲಿಸಬಹುದು. ನೋಡ್ ಟೂಲ್ ಹಿಡಿದರೆ ಚಿತ್ರದ ಮೇಲೆ ಮೂರು ಹಿಡಿಗಳು ಕಾಣುತ್ತವೆ. ಇಂಟು ಗುರುತು ಸರಿಸಲು, ಚೌಕ ಅಳತೆಗೆ, ದುಂಡಗಿನದ್ದು ತಿರುಗಿಸಲು. ಚೌಕ ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಚೌಕುಳಿ ಸಪ್ಪಟೆಯಾಗುತ್ತದೆ.

ಪ್ಯಾಟರ್ನಿಗೆ ನೆರಿಗೆ ಗೊತ್ತಾಗುವುದಿಲ್ಲ. ಇಡೀ ಸೀರೆಯನ್ನು ಒಂದೇ ಆಕಾರವಾಗಿ ಬಿಡಿಸಿದರೆ ಗೋಡೆಗೆ ಅಂಟಿಸಿದ ಕಾಗದದ ಹಾಗೆ ಕಾಣುತ್ತದೆ. ಸೆರಗು, ನೆರಿಗೆ, ಸೊಂಟದ ಸುತ್ತು ಎಂದು ಬೇರೆಬೇರೆ ಆಕಾರ ಮಾಡಿ, ಒಂದೊಂದರಲ್ಲೂ ಕೋನವನ್ನು ಬೇರೆ ಕೊಡಿ. ಬಟ್ಟೆ ಹೇಗೆ ಬೀಳುತ್ತದೋ ಆ ದಿಕ್ಕಿಗೆ ಪಟ್ಟಿ ತಿರುಗಿದರೆ ಸಾಕು, ಕಣ್ಣು ನಂಬುತ್ತದೆ.

ಆಕಾರ ಸರಿಸಿದಾಗ ಪ್ಯಾಟರ್ನ್ ಜೊತೆಗೆ ಬರುವುದಿಲ್ಲ, ಕಿಟಕಿಯ ಹಿಂದಿನ ದೃಶ್ಯದ ಹಾಗೆ ನಿಂತಲ್ಲೇ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ. ಸೆಲೆಕ್ಟ್ ಟೂಲಿನ ಮೇಲಿನ ಪಟ್ಟಿಯ ಬಲತುದಿಯಲ್ಲಿ ನಾಲ್ಕು ಸಣ್ಣ ಗುಂಡಿಗಳಿವೆ. ಅದರಲ್ಲಿ ಪ್ಯಾಟರ್ನಿನದ್ದು ಆಫ್ ಆಗಿರುತ್ತದೆ, ಆನ್ ಮಾಡಿ.

ಹಂತ 7: ಗಡಿ ದಾಟುವ ಹೂ

ಚೌಕದೊಳಗೇ ಕೂತ ಹೂಗಳಿಂದ ಆದ ಪ್ಯಾಟರ್ನಿನಲ್ಲಿ ಚೌಕದ ಗೆರೆ ಕಾಣದಿದ್ದರೂ ಚೌಕ ಇರುವುದು ಗೊತ್ತಾಗುತ್ತದೆ. ಸಾಲುಸಾಲಾಗಿ ಖಾಲಿ ಓಣಿಗಳು ಉಳಿಯುತ್ತವೆ. ಹೂವೊಂದು ಗಡಿ ದಾಟಿ ಪಕ್ಕದ ಟೈಲಿಗೆ ಹಬ್ಬಿದರೆ ಮಾತ್ರ ಆ ಓಣಿ ಮುಚ್ಚುತ್ತದೆ. ನನ್ನ ಪ್ರಕಾರ ಕಲಿಯಲೇಬೇಕಾದ ವಿದ್ಯೆ ಇದು.

ನಿಯಮ ಒಂದೇ. ಬಲ ಅಂಚಿನಲ್ಲಿ ಹೊರಹೋದದ್ದು ಎಡ ಅಂಚಿನಲ್ಲಿ ಒಳಬರಬೇಕು. ಕೆಳಗೆ ಹೋದದ್ದು ಮೇಲಿಂದ ಬರಬೇಕು.

40 × 40 ಮಿ.ಮೀ. ಚೌಕ ತೆಗೆದುಕೊಳ್ಳಿ. ಬಲ ಅಂಚಿನ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಬರುವಂತೆ ಹೂ ಇಡಿ. ಕಂಟ್ರೋಲ್ + ಡಿ ಒತ್ತಿ ಪ್ರತಿ ಮಾಡಿ. ಕಂಟ್ರೋಲ್ + ಶಿಫ್ಟ್ + ಎಂ ಒತ್ತಿ ಟ್ರಾನ್ಸ್‌ಫಾರ್ಮ್ ತೆರೆಯಿರಿ. ಮೂವ್ ಟ್ಯಾಬಿನಲ್ಲಿ ರಿಲೇಟಿವ್ ಮೂವ್ ಟಿಕ್ ಇರಲಿ, ಹಾರಿಜಾಂಟಲ್ ಎಂಬಲ್ಲಿ ಮೈನಸ್ 40 ಹಾಕಿ ಅಪ್ಲೈ ಒತ್ತಿ. ಪ್ರತಿ ಸರಿಯಾಗಿ ಎಡ ಅಂಚಿಗೆ ಹೋಗುತ್ತದೆ. ಕೈಯಿಂದ ಎಳೆಯಬೇಡಿ, ಕಣ್ಣಳತೆ ಇಲ್ಲಿ ಸಾಲದು. ಮೇಲೆಕೆಳಗಿನ ಅಂಚಿಗೂ ಹೀಗೆಯೇ ವರ್ಟಿಕಲ್ 40. ಹೂ ಮೂಲೆಯ ಮೇಲೇ ಕೂತರೆ ನಾಲ್ಕು ಮೂಲೆಗೂ ಒಂದೊಂದು ಪ್ರತಿ ಬೇಕು. ಉಳಿದ ಖಾಲಿ ಜಾಗವನ್ನು ಎಲೆ, ಮೊಗ್ಗುಗಳಿಂದ ತುಂಬಿಸಿ. ಇವು ಗಡಿ ಮುಟ್ಟದಿದ್ದರೆ ಪ್ರತಿ ಬೇಡ.

ಇನ್ನು ಕತ್ತರಿಸಬೇಕು. ಈ ಸ್ಥಿತಿಯಲ್ಲೇ ಪ್ಯಾಟರ್ನ್ ಮಾಡಿದರೆ ಹೊರಚಾಚಿದ ಎಸಳುಗಳನ್ನೂ ಸೇರಿಸಿ ದೊಡ್ಡ ಚೌಕವೇ ಟೈಲ್ ಆಗುತ್ತದೆ, ಎಲ್ಲ ಲೆಕ್ಕವೂ ಕೆಡುತ್ತದೆ. 40 × 40ರ ಚೌಕದ ಒಂದು ಪ್ರತಿ ತೆಗೆದು ಹೋಮ್ ಕೀಲಿ ಒತ್ತಿ ಎಲ್ಲಕ್ಕಿಂತ ಮೇಲೆ ತನ್ನಿ. ಕೆಳಗಿನ ಎಲ್ಲವನ್ನೂ ಗ್ರೂಪ್ ಮಾಡಿ, ಗ್ರೂಪ್ ಮತ್ತು ಮೇಲಿನ ಚೌಕ ಎರಡನ್ನೂ ಆಯ್ದು ಸೆಟ್ ಕ್ಲಿಪ್ ಕೊಡಿ. ಅಗಲ ಎತ್ತರದ ಡಬ್ಬಿಯಲ್ಲಿ 40, 40 ಎಂದೇ ಕಾಣುತ್ತಿದೆಯಾ ನೋಡಿ. ಹಂತ 1ರಲ್ಲಿ ವಿಷುವಲ್ ಇರಲಿ ಎಂದದ್ದು ಇದಕ್ಕೇ. ಆಮೇಲೆ ಆಲ್ಟ್ + ಐ.

ಮಾಡಿದ್ದನ್ನು ಚಿಕ್ಕದಾಗಿಸಿ, ತುಸು ದೂರದಿಂದ ನೋಡಿ. ಯಾವುದಾದರೂ ಒಂದು ಹೂ ಉಳಿದವಕ್ಕಿಂತ ಗಾಢವಾಗಿದ್ದರೆ ದೂರದಿಂದ ಅದೊಂದೇ ಚುಕ್ಕಿಚುಕ್ಕಿಯಾಗಿ ಎದ್ದು ಕಾಣುತ್ತದೆ. ಹತ್ತಿರದಿಂದ ಎಷ್ಟು ಹೊತ್ತು ನೋಡಿದರೂ ಇದು ತಿಳಿಯುವುದಿಲ್ಲ.

ಹಂತ 8: ಮಾವಿನೆಲೆಯ ತೋರಣ

ಆಮಂತ್ರಣದ ಮೇಲ್ಭಾಗಕ್ಕೆ ತೋರಣ ಬೇಕೆಂದು ಕೇಳುವವರು ಬಹಳ. ಒಂದು ಎಲೆ ಬಿಡಿಸಿ, ಅದು ಒಂದೇ ಪಾಥ್ ಆಗಿರಲಿ. ಪಾಥ್ ಎಂದರೆ ಬಿಂದುಗಳನ್ನು ಸೇರಿಸಿ ಎಳೆದ ಗೆರೆ. ಕಂಟ್ರೋಲ್ + ಸಿ ಒತ್ತಿ. ಪೆನ್ ಟೂಲಿನಿಂದ ಹಗ್ಗ ಇಳಿಬಿದ್ದ ಹಾಗೆ ಬಾಗಿದ ಗೆರೆ ಎಳೆದು, ಪಾಥ್ ಮೆನುವಿನಿಂದ ಪಾಥ್ ಎಫೆಕ್ಟ್ಸ್ ತೆರೆದು ಪ್ಯಾಟರ್ನ್ ಅಲಾಂಗ್ ಪಾಥ್ ಸೇರಿಸಿ. ಕ್ಲಿಪ್‌ಬೋರ್ಡಿನ ಪಾಥ್ ಜೋಡಿಸುವ ಗುಂಡಿ ಒತ್ತಿ, ಕಾಪೀಸ್ ಎಂಬಲ್ಲಿ ರಿಪೀಟೆಡ್ ಆರಿಸಿ, ಸ್ಪೇಸಿಂಗ್ ಹೊಂದಿಸಿ. ಬಣ್ಣ ಎಲೆಯದ್ದು ಬರುವುದಿಲ್ಲ, ಹಗ್ಗದ ಗೆರೆಗೆ ಕೊಟ್ಟ ಬಣ್ಣ ಬರುತ್ತದೆ. ಆ ಗೆರೆಗೆ ಹಸಿರು ಫಿಲ್ ಕೊಡಿ, ಹಗ್ಗ ಕಾಣಲು ಇನ್ನೊಂದು ಗೆರೆ ಬೇರೆಯಾಗಿ ಎಳೆಯಿರಿ.

ಹಂತ 9: ಪ್ರೆಸ್ಸಿಗೆ ಕೊಡುವ ಮೊದಲು

ಬಿಳಿ ಗೆರೆಯ ಪ್ರಶ್ನೆಗೆ ಈಗ ಬರೋಣ. ಎರಡು ಟೈಲು ತಾಗುವಲ್ಲಿ ಪರದೆ ಅಂಚನ್ನು ನಯಗೊಳಿಸಲು ಸ್ವಲ್ಪ ಹಿನ್ನೆಲೆಯ ಬಣ್ಣ ಬೆರೆಸುತ್ತದೆ. ಹಿಂದೆ ಬಿಳಿ ಇದ್ದರೆ ಬಿಳಿ ಗೆರೆ ಮೂಡುತ್ತದೆ. ಪರದೆಯಲ್ಲಿ ಕಂಡದ್ದೆಲ್ಲ ಪ್ರಿಂಟಿನಲ್ಲಿ ಬರುವುದಿಲ್ಲ, ಆದರೆ ಚಿತ್ರವನ್ನು ಪಿಎನ್‌ಜಿ (ಗೆರೆಗಳ ಬದಲು ಚುಕ್ಕಿಗಳಿಂದಾದ ಫೈಲ್) ಮಾಡಿ ಕೊಟ್ಟರೆ ಬಂದೇ ಬರುತ್ತದೆ. ಟೈಲಿನ ತಳಬಣ್ಣದ ಆಲ್ಫಾ ಸೊನ್ನೆ ಮಾಡಿ, ಅದೇ ಬಣ್ಣದ ಒಂದೇ ದೊಡ್ಡ ಆಯತವನ್ನು ಎಲ್ಲದರ ಹಿಂದೆ ಇಡಿ. ಸಂದೇ ಇಲ್ಲದ ಮೇಲೆ ಗೆರೆ ಎಲ್ಲಿಂದ ಬರಬೇಕು?

ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಮುಂದಿನ ಬದಲಾವಣೆಗಳನ್ನು ಆ ಪ್ರತಿಯಲ್ಲೇ ಮಾಡಿ. ಎಲ್ಲ ಕ್ಲೋನ್‌ಗಳನ್ನು ಆಯ್ದು ಶಿಫ್ಟ್ + ಆಲ್ಟ್ + ಡಿ ಒತ್ತಿದರೆ ಮೂಲದಿಂದ ಬಿಡುಗಡೆಯಾಗಿ ಸ್ವತಂತ್ರ ಆಕಾರಗಳಾಗುತ್ತವೆ. ಗ್ರೂಪಿನ ಕ್ಲೋನ್ ಆಗಿದ್ದರೆ ಅದರೊಳಗೆ ಇನ್ನೂ ಕ್ಲೋನ್ ಉಳಿದಿರಬಹುದು, ಇನ್ನೊಮ್ಮೆ ನೋಡಿ. ಕನ್ನಡ ಅಕ್ಷರಗಳನ್ನು ಕಂಟ್ರೋಲ್ + ಶಿಫ್ಟ್ + ಸಿ ಒತ್ತಿ ಪಾಥ್ ಮಾಡಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಪಾಥ್ ಮಾಡಿದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ, ಅದಕ್ಕೇ ಮೂಲ ಫೈಲ್ ಉಳಿಸಿಕೊಳ್ಳಿ ಎಂದದ್ದು.

ಪ್ಯಾಟರ್ನ್ ಫಿಲ್ ಇರುವ ಫೈಲನ್ನು ಬೇರೆ ತಂತ್ರಾಂಶದಲ್ಲಿ ತೆರೆದಾಗ ಎಲ್ಲ ಸಲವೂ ಸರಿಯಾಗಿ ಬರುವುದಿಲ್ಲ. ಪ್ಯಾಟರ್ನ್ ಟು ಆಬ್ಜೆಕ್ಟ್ಸ್ ಕೊಟ್ಟರೆ ಬಿಡಿಬಿಡಿಯಾಗುತ್ತದೆ ಎಂದು ಹಲವರು ನಂಬಿರುತ್ತಾರೆ. ಹಾಗಲ್ಲ, ಸಿಗುವುದು ಒಂದೇ ಒಂದು ಟೈಲು. ಸ್ಟಿಕ್ಕರ್ ಕತ್ತರಿಸುವ ಯಂತ್ರಕ್ಕೆ ಕೊಡುವ ಚಿತ್ರವಾದರೆ ಮೊದಲಿನಿಂದಲೇ ಟೈಲ್ಡ್ ಕ್ಲೋನ್ಸ್ ಬಳಸಿ. ಕಾಗದಕ್ಕೆ ಅಚ್ಚಾಗುವುದಾದರೆ ಪಿಡಿಎಫ್ ಮಾಡಿ, ಅದನ್ನು ನೀವೇ ತೆರೆದು ನೋಡಿ. ಪ್ಯಾಟರ್ನ್ ಕೆಟ್ಟಿದ್ದರೆ ಆ ಭಾಗವನ್ನು ಮಾತ್ರ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ಪಿಎನ್‌ಜಿ ಮಾಡಿ ಅದೇ ಜಾಗದಲ್ಲಿ ಇಡಿ.

ಕೊನೆಗೆ ಮನೆಯ ಪ್ರಿಂಟರಿನಲ್ಲೋ ಪಕ್ಕದ ಜೆರಾಕ್ಸ್ ಅಂಗಡಿಯಲ್ಲೋ ಒಂದು ಪ್ರತಿ ತೆಗೆಸಿ. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ತೆಗೆದು 100 ಪ್ರತಿಶತ ಇಡಲು ಹೇಳಿ. ಅಳತೆಪಟ್ಟಿ ಹಿಡಿದು ಬಾರ್ಡರಿನ ಅಗಲ ನೋಡಿ. 128 ಮಿ.ಮೀ. ಬಂದು, ನಾಲ್ಕು ಮೂಲೆಯಲ್ಲೂ ಬಳ್ಳಿ ತುಂಡಾಗದೆ ಬಾಗಿದ್ದರೆ ಫೈಲ್ ಕಳಿಸಬಹುದು.